ಕಾಯುವ ಹೊತ್ತಿಗೆ ಕೂಲಿ ಇಲ್ಲವೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಬೆಲೆ ಏರಿತೆಂದು ನಾವೆಲ್ಲರೂ ಮಾತನಾಡುತ್ತೇವೆ. ಅಕ್ಕಿಯ ಬೆಲೆ, ಟೊಮೇಟೊ ಬೆಲೆ, ಸಿಮೆಂಟಿನ ಬೆಲೆ—ಇವು ನಮ್ಮ ಕ್ಯಾಂಟೀನಿನ ಮೇಜಿನ ಮೇಲೂ ಅಧ್ಯಾಪಕರ ಕೊಠಡಿಯಲ್ಲಿಯೂ ದಿನನಿತ್ಯ ಚರ್ಚೆಗೆ ಬರುವ ವಿಷಯಗಳು. ಆದರೆ ಆ ಅಕ್ಕಿಯನ್ನೂ ಸಿಮೆಂಟನ್ನೂ ಊರಿಂದೂರಿಗೆ ಸಾಗಿಸುವ ಲಾರಿಯ ಚಾಲಕನಿಗೆ ಏನು ದಕ್ಕುತ್ತದೆ, ದಕ್ಕಿದ್ದರಿಂದ ಅವನಿಗೆ ಸಮಾಧಾನವುಂಟೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಮೈಸೂರು ಅರಮನೆಗಳ ನಗರವೆಂದು ಹೆಸರಾಗಿದೆ. ಬಂಡಿಪಾಳ್ಯದ ಮಾರುಕಟ್ಟೆಯ ಮುಂದೆಯೋ, ಹೆಬ್ಬಾಳು, ಮೇಟಗಳ್ಳಿ, ಕಡಕೊಳ, ನಂಜನಗೂಡುಗಳ ಕಾರ್ಖಾನೆಗಳ ಬಾಗಿಲಲ್ಲಿಯೋ ಒಂದು ಗಳಿಗೆ ನಿಂತು ನೋಡಿದವರಿಗೆ ಇದು ಲಾರಿಗಳ ನಗರವೂ ಹೌದೆಂದು ತಿಳಿಯುತ್ತದೆ.

ಚಾಲಕರ ಸಂಬಳ ಹೆಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಂಬಳ ಹೆಚ್ಚಿದೊಡನೆ ಕೆಲಸದಲ್ಲಿ ತೃಪ್ತಿಯೂ ಹೆಚ್ಚುತ್ತದೆಯೆ? ಎಷ್ಟು ಹೆಚ್ಚಿಸುತ್ತೇವೆ ಎಂಬುದರಷ್ಟೇ, ಯಾವುದಕ್ಕಾಗಿ ಹೆಚ್ಚಿಸುತ್ತೇವೆ ಎಂಬುದೂ ಮುಖ್ಯವೆಂಬುದು ನನ್ನ ಅಭಿಪ್ರಾಯ. ಓಡಿದ್ದಕ್ಕೆ ಮಾತ್ರ ಹೆಚ್ಚು ಕೊಟ್ಟರೆ ಚಾಲಕನು ಹೆಚ್ಚು ಓಡುತ್ತಾನೆ, ಅಷ್ಟೆ. ಕಾಯುವ ಹೊತ್ತಿಗೂ ಕೂಲಿ ಸಿಕ್ಕಿದರೆ ಮಾತ್ರ ಅವನ ಆಯುಷ್ಯದ ಗಂಟೆಗಳು ಅವನಿಗೆ ಹಿಂದಿರುಗುತ್ತವೆ. ಈ ಒಂದು ಮಾತನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ಮಾತನಾಡಲು ನನಗಿರುವ ಅಧಿಕಾರ ಪುಸ್ತಕದ್ದು ಸ್ವಲ್ಪ, ಮನೆಯದು ಹೆಚ್ಚು. ನನ್ನ ತಂದೆಯವರು ಇಪ್ಪತ್ತಾರು ವರ್ಷಗಳಿಂದ ಲಾರಿ ಓಡಿಸುತ್ತಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನನ್ನ ಪರೀಕ್ಷಾ ಶುಲ್ಕವೂ ಪುಸ್ತಕದ ಹಣವೂ ಬಂದಿರುವುದು ಆ ಸ್ಟೇರಿಂಗಿನಿಂದಲೇ. ಕನಿಕರ ಬೇಡುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮುಂದೆ ಬರುವ ಲೆಕ್ಕ ನನಗೆಲ್ಲಿಂದ ತಿಳಿಯಿತೆಂದು ವಾಚಕರು ಕೇಳಬಾರದಲ್ಲ, ಅದಕ್ಕಾಗಿ ಹೇಳಿದೆ.

ಲಾರಿ ಚಾಲಕನ ಸಂಪಾದನೆಗೆ ಎರಡು ಕಾಲುಗಳು. ಒಂದು ತಿಂಗಳ ಸಂಬಳ. ಇನ್ನೊಂದು ‘ಬಾಟಾ’, ಅಂದರೆ ಒಂದೊಂದು ಟ್ರಿಪ್ಪಿಗೆ ಕೊಡುವ ಭತ್ಯೆ. ಎಷ್ಟೋ ಕಡೆ ಮೊದಲನೆಯ ಕಾಲು ತೀರ ಗಿಡ್ಡ. ಕೆಲವು ಕಡೆ ಇಲ್ಲವೇ ಇಲ್ಲ. ಬಾಟಾ ಹಣದಲ್ಲಿಯೇ ದಾರಿಯ ಊಟ, ತಿಂಡಿ, ಸ್ನಾನ, ಕ್ಲೀನರ್ ಇದ್ದರೆ ಅವನ ಪಾಲು ಎಲ್ಲವೂ ನಡೆಯಬೇಕು; ಉಳಿದದ್ದು ಮನೆಗೆ. ಲಾರಿ ಓಡಿದರೆ ಬಾಟಾ ಉಂಟು, ನಿಂತರೆ ಇಲ್ಲ. ಟೈರು ಕೆಟ್ಟು ನಿಂತರೂ ಇಲ್ಲ, ಸರಕು ಇಳಿಸುವ ಆಳುಗಳಿಲ್ಲದೆ ನಿಂತರೂ ಇಲ್ಲ, ಕಾಗದಪತ್ರಗಳಿಗೆ ಸಹಿ ಹಾಕುವ ಗುಮಾಸ್ತರು ಊಟಕ್ಕೆ ಹೋದರೆಂದು ನಿಂತರೂ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಈ ವೃತ್ತಿಯಲ್ಲಿ ಅರ್ಧ ಮಾತ್ರ ನಿಜ. ಕೈ ಕೆಸರಾಗಿಯೇ ಇರುತ್ತದೆ. ಮೊಸರು ಮಾತ್ರ ಗಾಲಿ ತಿರುಗಿದಷ್ಟೇ.

ಎರಡು ವರ್ಷಗಳ ಹಿಂದೆ ತಂದೆಯವರು ದುಡಿಯುವ ಕಡೆ ಬಾಟಾವನ್ನು ಹೆಚ್ಚಿಸಿದರು. ಮನೆಯಲ್ಲಿ ಸಂತೋಷವಾಯಿತು. ತಾಯಿಯವರು ಸೊಸೈಟಿಯ ಸಾಲವನ್ನು ಬೇಗ ತೀರಿಸುವ ಲೆಕ್ಕ ಹಾಕಿದರು. ಆರು ತಿಂಗಳು ಕಳೆದ ಮೇಲೆ ನೋಡಿದರೆ ಹಣ ಹೆಚ್ಚು ಬಂದದ್ದು ನಿಜ. ಅವರು ಮನೆಯಲ್ಲಿ ಮಲಗುವ ರಾತ್ರಿಗಳು ಕಡಿಮೆಯಾದದ್ದೂ ಅಷ್ಟೇ ನಿಜ. ಟ್ರಿಪ್ಪಿನ ಬೆಲೆ ಏರಿದಾಗ ಬಿಟ್ಟ ಟ್ರಿಪ್ಪಿನ ನಷ್ಟವೂ ಏರುತ್ತದೆ. ತಂಗಿಯ ಶಾಲೆಯ ಶುಲ್ಕ ಎದುರಿಗಿರುವಾಗ ‘ಈ ವಾರ ನನಗೆ ಬೇಡ’ ಎಂದು ಹೇಳುವ ಧೈರ್ಯ ಯಾರಿಗಿದೆ? ಮೈ ಬಿಸಿಯಾಗಿದ್ದ ದಿನವೂ ಅವರು ಹೊರಟರು. ಆ ವರ್ಷ ದಸರೆಯ ಹತ್ತು ದಿನಗಳಲ್ಲಿ ನಾವು ನಾಲ್ವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡದ್ದು ಒಂದು ದಿನ. ಹೆಚ್ಚಳ ಕೊಟ್ಟವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೊಟ್ಟ ರೀತಿಯಲ್ಲಿಯೇ ಆ ಹಣವು ಅವರ ವಿಶ್ರಾಂತಿಯನ್ನು ಕೊಂಡುಕೊಂಡಿತೆಂದು ಮಾತ್ರ ಹೇಳುತ್ತೇನೆ.

ಈಗ ನಮ್ಮ ಕಡೆಯ ರಸ್ತೆಯೊಂದನ್ನು ನೋಡೋಣ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳ ಮೇಲೆ ಹೋಗುವ ಹೆದ್ದಾರಿ ಮುಂದೆ ಎರಡಾಗಿ ಕವಲೊಡೆದು, ಒಂದು ವಯನಾಡಿನ ಕಡೆಗೂ ಇನ್ನೊಂದು ಊಟಿಯ ಕಡೆಗೂ ಬಂಡೀಪುರದ ಕಾಡನ್ನು ಹಾಯುತ್ತದೆ. 2009ರಿಂದ ಈ ಎರಡು ದಾರಿಗಳಲ್ಲಿಯೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಗಿದೆ. ಆನೆ, ಹುಲಿ, ಜಿಂಕೆಗಳಿಗೆ ರಾತ್ರಿಯಾದರೂ ತಮ್ಮ ಕಾಡು ತಮ್ಮದಾಗಿರಬೇಕು; ಆ ನಿಯಮ ನ್ಯಾಯವಾದುದೆಂದೇ ನನ್ನ ನಂಬಿಕೆ. ನನ್ನ ಮಾತು ಅದರ ವಿರುದ್ಧವಲ್ಲ. ರಾತ್ರಿ 9ಕ್ಕೆ ಐದು ನಿಮಿಷ ತಡವಾಗಿ ಮದ್ದೂರಿನ ಅಥವಾ ಮೇಲುಕಾಮನಹಳ್ಳಿಯ ತನಿಖಾ ಠಾಣೆಗೆ ಬಂದ ಲಾರಿ ಒಂಬತ್ತು ಗಂಟೆ ಅಲ್ಲಿ ನಿಲ್ಲುತ್ತದೆ. ಕಾಡಿನ ಪ್ರಾಣಿಗಳಿಗಾಗಿ ನಾಡೆಲ್ಲವೂ ಮಾಡಬೇಕಾದ ತ್ಯಾಗವನ್ನು ಆ ಒಂಬತ್ತು ಗಂಟೆಗಳಲ್ಲಿ ಮಾಡುವವನು ಯಾರು? ಸರಕಿನ ಒಡೆಯನಲ್ಲ; ಅವನು ಮನೆಯಲ್ಲಿ ಮಲಗಿದ್ದಾನೆ. ಸರಕು ಕೊಳ್ಳುವವನೂ ಅಲ್ಲ. ಲಾರಿಯೊಳಗೆ ಮುದುರಿ ಮಲಗಿ, ಟಾರ್ಪಾಲಿನಿಗೂ ಡೀಸೆಲ್ ಟ್ಯಾಂಕಿಗೂ ಕಾವಲಿರುವ ಚಾಲಕ. ಅವನು ಅಲ್ಲಿ ಇರಲೇಬೇಕು, ಬಿಟ್ಟು ಹೋಗುವಂತಿಲ್ಲ. ಆದರೆ ಲೆಕ್ಕದಲ್ಲಿ ಅವನು ಕೆಲಸ ಮಾಡುತ್ತಿಲ್ಲ! ತಡವಾಗಬಾರದೆಂದು ನಂಜನಗೂಡಿನಿಂದ ಓಟ ಹೆಚ್ಚಿಸುವ ಲಾರಿಯನ್ನು ಕಂಡು ನಾವು ಬೈಯುತ್ತೇವೆ. ಆ ಓಟದ ಹಿಂದೆ ಕೂಲಿಯಿಲ್ಲದ ಒಂಬತ್ತು ಗಂಟೆಗಳ ಭಯವಿದೆ ಎಂಬುದನ್ನು ಯೋಚಿಸುವುದಿಲ್ಲ.

ಕಾಡಿನ ಬಾಗಿಲಿಗೆ ಗಡಿಯಾರವಾದರೂ ಇದೆ; ಗೋದಾಮಿನ ಬಾಗಿಲಿಗೆ ಅದೂ ಇಲ್ಲ. ಬೆಳಿಗ್ಗೆ ಬಂದು ಸಾಲಿನಲ್ಲಿ ನಿಂತ ಲಾರಿಗೆ ಸಂಜೆ ಸರದಿ ಬರುವುದುಂಟು, ಮರುದಿನ ಬರುವುದೂ ಉಂಟು. ಬಹಳ ಹೊತ್ತು ತಡೆದರೆ ‘ಹಾಲ್ಟಿಂಗ್’ ಎಂದು ಲಾರಿಯ ಮಾಲೀಕರು ಶುಲ್ಕ ಕೇಳುವ ಪದ್ಧತಿ ಈ ವ್ಯಾಪಾರದಲ್ಲಿ ಇದ್ದೇ ಇದೆ. ಎಂದರೆ, ಕಾಯುವ ಹೊತ್ತಿಗೆ ಬೆಲೆಯುಂಟೆಂದು ವ್ಯಾಪಾರಿಗಳೇ ಒಪ್ಪಿದ್ದಾರೆ. ನಿಂತ ಕಬ್ಬಿಣಕ್ಕೆ ಬಾಡಿಗೆಯುಂಟು. ಅದರೊಳಗೆ ಕುಳಿತ ಮನುಷ್ಯನಿಗೆ ಇಲ್ಲ.

ಕಾನೂನು ಏನು ಹೇಳುತ್ತದೆ? 1961ರಲ್ಲಿ ನಮ್ಮ ಸಂಸತ್ತು ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯನ್ನು ಮಾಡಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ದಾರಿಗಳಲ್ಲಿ ಅನುಮತಿ ಪಡೆದು ಹೆಚ್ಚಿಸಿದರೂ ದಿನಕ್ಕೆ 10, ವಾರಕ್ಕೆ 54 ಗಂಟೆ ಮೀರಬಾರದು. ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ ಎಂದು ಅದು ವಿಧಿಸಿತು. ಬರೆಹದಲ್ಲಿ ಒಳ್ಳೆಯ ಕಾಯಿದೆ. ಆದರೆ ಕೆಲಸದ ಹೊತ್ತು ಎಂದರೇನೆಂದು ವಿವರಿಸುವಾಗ, ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಸಮಯವು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದನ್ನು ಕೆಲಸದಲ್ಲಿ ಸೇರಿಸಬೇಕೆಂದು ಹೇಳಿತು. ಹದಿನೈದು ನಿಮಿಷ! ಬಸ್ಸು ಚಾಲಕನಿಗೆ ಇದು ಸರಿಹೋದೀತು. ಹದಿನೈದು ಗಂಟೆ ನಿಲ್ಲುವ ಲಾರಿಯವನನ್ನು ಆ ಮಾತು ಮುಟ್ಟಲಿಲ್ಲ. ಸಾಲದೆಂಬಂತೆ, ಐದು ಜನಕ್ಕಿಂತ ಕಡಿಮೆ ಕೆಲಸಗಾರರಿದ್ದ ಕಡೆ ಆ ಕಾಯಿದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಇರುವುದು ಸಣ್ಣ ಮಾಲೀಕರ ಕೈಯಲ್ಲಿ. 2020ರ ಔದ್ಯೋಗಿಕ ಸುರಕ್ಷತೆ ಹಾಗೂ ಆರೋಗ್ಯ ಸಂಹಿತೆಯಲ್ಲಿ ಈ ಹಳೆಯ ಕಾಯಿದೆ ವಿಲೀನವಾಯಿತು. ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಹೊಸ ಸಂಹಿತೆಯಡಿ ನಿಯಮಗಳನ್ನು ಬರೆಯುವವರು, ಚಾಲಕ ಕಾಯುವ ಹೊತ್ತನ್ನು ಹದಿನೈದು ನಿಮಿಷದ ಅಳತೆಯಿಂದ ಬಿಡಿಸಬೇಕು.

ಸಮಾಧಾನ ಎಂಬುದು ಹಣದ ಮೊತ್ತದಲ್ಲಿ ಮಾತ್ರ ಇಲ್ಲವೆಂಬುದಕ್ಕೆ ಅದೇ ರಸ್ತೆಯಲ್ಲಿ ಓಡುವ ಇನ್ನೊಬ್ಬ ಚಾಲಕನನ್ನು ನೋಡಬಹುದು. 1948ರಲ್ಲಿ ಮೈಸೂರು ಸರ್ಕಾರ ರಸ್ತೆ ಸಾರಿಗೆಯ ಇಲಾಖೆಯೊಂದನ್ನು ಆರಂಭಿಸಿತು; 1961ರಲ್ಲಿ ಅದು ನಿಗಮವಾಯಿತು. ಆ ನಿಗಮದ ಬಸ್ಸಿನ ಚಾಲಕನಿಗೂ ಕಷ್ಟಗಳಿವೆ. ವೇತನಕ್ಕಾಗಿ 2021ರ ಏಪ್ರಿಲಿನಲ್ಲಿ ಅವರು ಎರಡು ವಾರ ಬಸ್ಸು ನಿಲ್ಲಿಸಿದರು. 38 ತಿಂಗಳ ಬಾಕಿಗಾಗಿ 2025ರ ಆಗಸ್ಟಿನಲ್ಲಿ ಮತ್ತೆ ಮುಷ್ಕರ ಹೂಡಿದರು. ಆದರೂ ನನ್ನ ತಂದೆಯವರ ಸಂಗಡಿಗರಲ್ಲಿ ವಯಸ್ಸಿದ್ದವರೆಲ್ಲ ಆ ಖಾಕಿ ಅಂಗಿಗಾಗಿ ಅರ್ಜಿ ಹಾಕಿದವರೇ. ಕಾರಣ ಸ್ಪಷ್ಟ. ಅವನಿಗೆ ಹೊರಡುವ ಹೊತ್ತು ಗೊತ್ತು, ಹಿಂದಿರುಗುವ ಹೊತ್ತು ಗೊತ್ತು, ವಾರದ ರಜೆ ಗೊತ್ತು, ಮತ್ತು ಅನ್ಯಾಯವಾದರೆ ತಟ್ಟುವುದಕ್ಕೆ ಒಂದು ಬಾಗಿಲಿದೆ. ಲಾರಿಯವನು ಯಾರ ಬಾಗಿಲನ್ನು ತಟ್ಟಬೇಕು? ಮಾಲೀಕ ದಲ್ಲಾಳಿಯನ್ನು ತೋರಿಸುತ್ತಾನೆ, ದಲ್ಲಾಳಿ ವರ್ತಕನನ್ನು ತೋರಿಸುತ್ತಾನೆ, ವರ್ತಕ ಮಾರುಕಟ್ಟೆಯನ್ನು ತೋರಿಸುತ್ತಾನೆ. ಮಾರುಕಟ್ಟೆಗೆ ಬಾಗಿಲೇ ಇಲ್ಲ.

ಹಾಗಾದರೆ ಸಂಬಳ ಹೆಚ್ಚಿಸಿ ಪ್ರಯೋಜನವಿಲ್ಲವೆ? ಖಂಡಿತವಾಗಿಯೂ ಇದೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ಜೆ.ಬಿ. ಹಂಟ್ ಎಂಬ ದೊಡ್ಡ ಸರಕು ಸಾಗಣೆ ಕಂಪನಿಯ ನಿದರ್ಶನ ಪ್ರಸಿದ್ಧವಾದುದು. 1990ರ ದಶಕದ ಮಧ್ಯದಲ್ಲಿ ಅಲ್ಲಿ ಚಾಲಕರು ನಿಲ್ಲುತ್ತಲೇ ಇರಲಿಲ್ಲ. ಇಂದು ಸೇರಿದವನು ವರ್ಷ ತುಂಬುವುದರೊಳಗೆ ಹೊರಟುಹೋಗುತ್ತಿದ್ದ. ಕಂಪನಿಯು 1997ರಲ್ಲಿ ಚಾಲಕರ ವೇತನವನ್ನು ಒಮ್ಮೆಲೇ ಸುಮಾರು ಮೂರನೆಯ ಒಂದು ಭಾಗದಷ್ಟು ಏರಿಸಿತು; ಹೊಸಬರನ್ನು ತಂದು ತರಬೇತು ಕೊಡುವುದನ್ನು ಬಿಟ್ಟು ಅನುಭವಸ್ಥರನ್ನೇ ನೇಮಿಸತೊಡಗಿತು. ಅರ್ಥಶಾಸ್ತ್ರಜ್ಞ ಮೈಕೇಲ್ ಬೆಲ್ಜರ್ ಮತ್ತು ಅವರ ಸಂಗಡಿಗರು ಇದನ್ನು ಅಭ್ಯಾಸ ಮಾಡಿದರು. ಬಿಟ್ಟು ಹೋಗುವವರ ಸಂಖ್ಯೆ ಬಹಳವಾಗಿ ಇಳಿದಿತ್ತು. ಅಪಘಾತಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಒಳ್ಳೆಯ ಕೂಲಿ ಒಳ್ಳೆಯ ಚಾಲಕರನ್ನು ತರುತ್ತದೆ, ತಂದವರನ್ನು ಉಳಿಸುತ್ತದೆ, ಉಳಿದವರು ಎಚ್ಚರದಿಂದ ಓಡಿಸುತ್ತಾರೆ. ಹೆಚ್ಚಿಸಿದ ವೇತನ ವ್ಯರ್ಥವಾದ ಧರ್ಮವಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಆದರೆ ಅದೇ ಬೆಲ್ಜರ್ ಅವರು ತಕಾಹಿಕೊ ಕೂಡೊ ಎಂಬವರೊಡನೆ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನ್ನ ವಾದಕ್ಕೆ ಇನ್ನೂ ಹತ್ತಿರವಾದುದು. ಓಡಿಸದೆ ಕಳೆಯುವ ಹೊತ್ತಿಗೂ—ಎಂದರೆ ತುಂಬುವ, ಇಳಿಸುವ, ಕಾಯುವ ಹೊತ್ತಿಗೂ—ಕೂಲಿ ಪಡೆಯುವ ಚಾಲಕರು ಒಟ್ಟಿನಲ್ಲಿ ಕಡಿಮೆ ಗಂಟೆ ದುಡಿಯುತ್ತಾರೆಂದು ಅದು ತೋರಿಸಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಚಾಲಕನ ಮನಸ್ಸಿನಲ್ಲಿ ತಿಂಗಳಿಗೆ ಇಷ್ಟು ಬೇಕೆಂಬ ಒಂದು ಮೊತ್ತವಿರುತ್ತದೆ: ಬಾಡಿಗೆ, ರೇಷನ್, ಮಗುವಿನ ಶುಲ್ಕ, ತಾಯಿಯ ಔಷಧ. ಕಾಯುವಾಗ ಕಳೆದುಕೊಂಡದ್ದನ್ನು ಅವನು ನಿದ್ರೆಯಿಂದ ಕಿತ್ತು ತುಂಬಿಕೊಳ್ಳುತ್ತಾನೆ. ಕಾಯುವಾಗಲೇ ಅದು ತುಂಬಿದರೆ ನಿದ್ರೆ ಅವನಿಗೇ ಉಳಿಯುತ್ತದೆ.

ನಮ್ಮ ನಾಡಿನ ಸ್ಥಿತಿಗೆ ಇದು ಹೊಂದದೆಂದು ಹೇಳುವವರಿದ್ದಾರೆ. ಅವರ ಮೊದಲನೆಯ ಮಾತು: ಲಾರಿಯ ವ್ಯವಹಾರವೇ ಹೀಗೆ, ಇಲ್ಲಿ ತಿಂಗಳ ಸಂಬಳದ ನೌಕರಿ ನಡೆಯದು. ನಡೆಯುತ್ತದೆ ಎಂಬುದಕ್ಕೆ ನಮ್ಮ ಹುಬ್ಬಳ್ಳಿಯೇ ಸಾಕ್ಷಿ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದು ಲಾರಿಯಿಂದ ಆರಂಭಿಸಿದ ವ್ಯವಹಾರ ಇಂದು ವಿ.ಆರ್.ಎಲ್. ಎಂಬ ಹೆಸರಿನಿಂದ ಐದು ಸಾವಿರಕ್ಕೂ ಮೇಲ್ಪಟ್ಟ ಸ್ವಂತ ಸರಕು ವಾಹನಗಳನ್ನು ಓಡಿಸುತ್ತಿದೆ. 2015ರಲ್ಲಿ ಅದರ ಷೇರುಗಳು ಪೇಟೆಗೆ ಬಂದವು. ಬಾಡಿಗೆಯ ಲಾರಿಗಳನ್ನೇ ನಂಬದೆ, ಸ್ವಂತ ಲಾರಿ, ಸ್ವಂತ ದುರಸ್ತಿ ಶಾಲೆ, ತನ್ನ ನೌಕರರೇ ಆದ ಚಾಲಕರು ಎಂಬ ಪದ್ಧತಿಯಿಂದ ಅದು ಬೆಳೆಯಿತು. ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಚಾಲಕನನ್ನು ದಿನಗೂಲಿಯವನಂತೆ ಕಾಣದೆ ನೌಕರನೆಂದು ಪುಸ್ತಕದಲ್ಲಿ ಬರೆದುಕೊಂಡರೂ ಸರಕು ಸಾಗಣೆ ಲಾಭದಲ್ಲಿ ನಡೆಯಬಹುದೆಂಬುದು ಕಾಗದದ ವಾದವಲ್ಲ, ಕನ್ನಡ ನಾಡಿನ ನೆಲದ ಮೇಲೆ ನಡೆದಿರುವ ಸಂಗತಿ.

ಎರಡನೆಯ ಮಾತು ಇನ್ನೂ ಗಟ್ಟಿಯಾದುದು: ದೊಡ್ಡವರಿಗೆ ಸರಿ; ಒಂದೋ ಎರಡೋ ಲಾರಿಯಿಟ್ಟುಕೊಂಡು ಸಾಲದ ಕಂತು ಕಟ್ಟುತ್ತಿರುವ ಮಾಲೀಕ ಎಲ್ಲಿಂದ ಕೊಡಬೇಕು? 2025ರ ಏಪ್ರಿಲ್ 1ರಂದು ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿ ಲೀಟರಿಗೆ 2 ರೂಪಾಯಿ ಹೆಚ್ಚಾದಾಗ, ಅದೇ ತಿಂಗಳ ನಡುವಿನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ನಮಗೆಲ್ಲ ನೆನಪಿದೆ. ಅವರ ಕಷ್ಟ ಸುಳ್ಳಲ್ಲ. ಆದುದರಿಂದಲೇ ನಾನು ಕೇಳುತ್ತಿರುವುದು ಸಣ್ಣ ಮಾಲೀಕನ ಜೇಬಿನಿಂದಲ್ಲ, ಕಾಯಿಸುವವನ ಜೇಬಿನಿಂದ. ಇಂದು ಗೋದಾಮಿನವನಿಗೆ ಲಾರಿಯನ್ನು ಹತ್ತು ಗಂಟೆ ನಿಲ್ಲಿಸುವುದರಿಂದ ಕಾಸಿನ ನಷ್ಟವಿಲ್ಲ. ಆದುದರಿಂದ ಅವನಿಗೆ ಆತುರವೂ ಇಲ್ಲ. ಎರಡು ಗಂಟೆ ಮೀರಿದ ಪ್ರತಿಯೊಂದು ಗಂಟೆಗೂ ಅವನು ತೆರಬೇಕೆಂದಾಗಲಿ, ಇಳಿಸುವ ಆಳುಗಳು ಎಲ್ಲಿಂದಲೋ ಬಂದೇ ಬರುತ್ತಾರೆ. ಬೆಲೆಯಿಲ್ಲದ ವಸ್ತುವನ್ನು ಜನ ಪೋಲು ಮಾಡುತ್ತಾರೆಂಬುದು ನಮ್ಮ ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಚಾಲಕನ ಸಮಯ ಪೋಲಾಗುತ್ತಿರುವುದು ಅದಕ್ಕೆ ಬೆಲೆಯಿಲ್ಲದಿರುವುದರಿಂದಲೇ.

ಹಣವೊಂದರಿಂದ ತೃಪ್ತಿ ಬಾರದು, ಗೌರವ ಬೇಕು ಎಂಬ ಮೂರನೆಯ ಮಾತೂ ಉಂಟು. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿಯೇ ಇದನ್ನು ಹೇಳಿದರು: ಕಡಿಮೆ ಸಂಬಳ ಅತೃಪ್ತಿಯನ್ನು ಹುಟ್ಟಿಸುತ್ತದೆ, ಆದರೆ ಹೆಚ್ಚು ಸಂಬಳ ತಾನಾಗಿ ತೃಪ್ತಿಯನ್ನು ಹುಟ್ಟಿಸದು. ಒಪ್ಪಿದೆ. ಆದರೆ ಲಾರಿ ಚಾಲಕನ ವಿಷಯದಲ್ಲಿ ಗೌರವವೆಂದರೆ ಹಾರ ತುರಾಯಿಯಲ್ಲ. ‘ನಿನ್ನ ಹೊತ್ತಿಗೂ ಬೆಲೆಯಿದೆ’ ಎಂದು ಒಪ್ಪುವುದೇ ಗೌರವ. ಸೇವ್ ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೇಶದ ಹತ್ತು ನಗರಗಳಲ್ಲಿ ಪ್ರಶ್ನಿಸಿದ ಲಾರಿ ಚಾಲಕರಲ್ಲಿ ನೂರಕ್ಕೆ 84 ಮಂದಿ ಈ ವೃತ್ತಿಯನ್ನು ತಮ್ಮ ಮನೆಯವರಿಗೆ ಹೇಳಲಾರೆವೆಂದರು. ದಣಿದಾಗಲೂ ನಿದ್ರೆ ಬಂದಾಗಲೂ ಓಡಿಸುತ್ತೇವೆಂದು ಸುಮಾರು ಅರ್ಧದಷ್ಟು ಮಂದಿ ಒಪ್ಪಿಕೊಂಡರು. ಈ ಎರಡು ಉತ್ತರಗಳೂ ಒಂದೇ ಬೇರಿನವು. ನನ್ನ ತಂದೆಯವರು ನನ್ನನ್ನು ಕಾಲೇಜಿಗೆ ಕಳುಹಿಸಿದ್ದು ವಿದ್ಯೆಯ ಮೇಲಿನ ಪ್ರೀತಿಯಿಂದ ಎಷ್ಟೋ, ಆ 84ರಲ್ಲಿ ಒಬ್ಬರಾಗಿದ್ದರಿಂದಲೂ ಅಷ್ಟೇ.

ಸರ್ಕಾರಗಳು ಕಣ್ಣು ಮುಚ್ಚಿಕೊಂಡಿವೆಯೆಂದು ನಾನು ಹೇಳಲಾರೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರವು ವಿಧಿಸಿತು. ಅಪಘಾತದಲ್ಲಿ ಮಡಿದ ಚಾಲಕನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿದೆ. ಸಾರಿಗೆ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ 2024ರಲ್ಲಿ ಕಾಯಿದೆಯೂ ಆಯಿತು. ಇವೆಲ್ಲ ಸ್ವಾಗತಾರ್ಹ. ಸತ್ತ ಮೇಲಿನ ಪರಿಹಾರ ಬೇಕೇ ಬೇಕು. ಬದುಕಿರುವಾಗಿನ ನಿದ್ರೆಯೂ ಬೇಕು.

ಆದುದರಿಂದ ನನ್ನ ಸಲಹೆಗಳು ಮೂರೇ. ಮೊದಲನೆಯದು: ಮುಂದೆ ಕೊಡುವ ಹೆಚ್ಚಳವನ್ನು ಬಾಟಾಕ್ಕೆ ಸೇರಿಸದೆ ತಿಂಗಳ ಸಂಬಳಕ್ಕೆ ಸೇರಿಸಬೇಕು. ದಾರಿಯ ಬಾಟಾ ಸಾಮಾನ್ಯವಾಗಿ ಭವಿಷ್ಯ ನಿಧಿಯ ಲೆಕ್ಕಕ್ಕೆ ಬರುವುದಿಲ್ಲ. ಇಪ್ಪತ್ತಾರು ವರ್ಷ ಬಾಟಾ ತಿಂದವನ ಮುಪ್ಪಿಗೆ ಏನೂ ಉಳಿಯುವುದಿಲ್ಲ. ಎರಡನೆಯದು: ಲಾರಿ ಬಾಗಿಲಿಗೆ ಬಂದ ಹೊತ್ತನ್ನೂ ಬಿಟ್ಟ ಹೊತ್ತನ್ನೂ ಸರಕಿನ ರಸೀದಿಯಲ್ಲಿ ಬರೆದು, ಹಾಲ್ಟಿಂಗ್ ಹಣದಲ್ಲಿ ಗೊತ್ತಾದ ಒಂದು ಪಾಲು ಚಾಲಕನಿಗೆ ಸೇರುವಂತೆ ಮಾಡಬೇಕು. ಮೂರನೆಯದು: ಗುಂಡ್ಲುಪೇಟೆಯಂಥ, ನಿಲ್ಲಲೇಬೇಕಾದ ಜಾಗಗಳಲ್ಲಿ ಕಾವಲಿರುವ ನಿಲುಗಡೆ, ಶೌಚಾಲಯ, ಸ್ನಾನದ ನೀರು, ಮಲಗಲು ಒಂದು ಸೂರು ಬೇಕು. ಲಾರಿಗೆ ಬೇರೆ ಕಾವಲುಗಾರನಿದ್ದರೆ ಚಾಲಕ ಕಣ್ಣು ಮುಚ್ಚಬಹುದು.

ಸಹಪಾಠಿಗಳೇ, ಇದೆಲ್ಲ ಸರ್ಕಾರಕ್ಕೂ ವರ್ತಕರಿಗೂ ಹೇಳುವ ಮಾತು, ನಮಗೇಕೆ ಎಂದು ನೀವು ಕೇಳಬಹುದು. ಈ ಬೇಸಿಗೆ ಕಳೆದರೆ ನಮ್ಮಲ್ಲಿ ಅನೇಕರು ಕೆಲಸ ಹುಡುಕುವವರು. ಕೆಲವರು ಕಾರ್ಖಾನೆಯ ಸಾಮಾನು ಉಗ್ರಾಣದಲ್ಲಿ ಗುಮಾಸ್ತರಾಗುತ್ತೀರಿ, ಕೆಲವರು ಗೋದಾಮಿನ ಮೇಲ್ವಿಚಾರಕರು, ಇನ್ನು ಕೆಲವರು ದೈವವೊಲಿದರೆ ಕಾರ್ಮಿಕ ಇಲಾಖೆಯ ಅಧಿಕಾರಿಗಳು. ಬಾಗಿಲಿನ ಪುಸ್ತಕ ಆಗ ನಿಮ್ಮ ಕೈಯಲ್ಲಿರುತ್ತದೆ. ಲಾರಿಯೊಂದು ಬೆಳಿಗ್ಗೆ 7ಕ್ಕೆ ಬಂದು ಸಾಲಿನಲ್ಲಿ ನಿಂತಿರುತ್ತದೆ. ಅದು ಒಳಗೆ ಬರುವ ಹೊತ್ತಿಗೆ ಸಂಜೆ 4 ಆಗಿರುತ್ತದೆ. ‘ಬಂದ ವೇಳೆ’ ಎಂಬ ಅಂಕಣದಲ್ಲಿ 4 ಎಂದು ಬರೆಯುವುದು ಸುಲಭ, ಅದೇ ರೂಢಿ, ಯಾರೂ ಕೇಳುವವರಿಲ್ಲ. ದಯವಿಟ್ಟು 7 ಎಂದು ಬರೆಯಿರಿ.